ಮಂಡಿ ಆಪರೇಷನ್ ಆಗಿ ಆರು ವಾರ: ಅಪ್ಪನ ಕೈಗೆ ಕಾರಿನ ಕೀ ಕೊಡಬಹುದಾ?

ಪ್ರಶ್ನೆ: ನಮ್ಮ ಅಪ್ಪನಿಗೆ 66 ವರ್ಷ. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಗುಬ್ಬಿ ಹತ್ತಿರ ನಮ್ಮ ಹಳ್ಳಿ, ತೆಂಗಿನ ತೋಟ ಇದೆ. ಬಲ ಮಂಡಿ ಬದಲಾಯಿಸುವ ಆಪರೇಷನ್ ಆಗಿ ಇದು ಆರನೇ ವಾರ. ವಾಕರ್ ಬಿಟ್ಟಿದ್ದಾರೆ, ಮಹಡಿ ಮೆಟ್ಟಿಲು ಹತ್ತುತ್ತಾರೆ. ಎಕ್ಸ್‌ರೇ ಚೆನ್ನಾಗಿದೆ ಅಂತ ಡಾಕ್ಟರೂ ಹೇಳಿದರು. ಈಗ ಕಾರು ನಾನೇ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾರೆ. ಗೇರ್ ಕಾರು. ಇಷ್ಟು ದಿನ ಚಿಕ್ಕಪ್ಪ ಓಡಿಸುತ್ತಿದ್ದರು. ಅವರಿಗೆ 61, ಎಡ ಮಂಡಿ ಸವೆದಿದೆ, ಆಪರೇಷನ್ ಬೇಡ ಅಂತ ಮಾತ್ರೆಯಲ್ಲೇ ದಿನ ತಳ್ಳುತ್ತಿದ್ದಾರೆ. ನಾನು ಇರೋದು ತುಮಕೂರಲ್ಲಿ, ದಿನಾ ಹೋಗಿ ನೋಡೋಕೆ ಆಗಲ್ಲ. ಅಪ್ಪನಿಗೆ ಕೀ ಕೊಡಬಹುದಾ?

ಉತ್ತರ: ಕೀ ಇನ್ನೊಂದೆರಡು ವಾರ ನಿಮ್ಮ ಅಮ್ಮನ ಸೆರಗಿನ ಗಂಟಿನಲ್ಲೇ ಇರಲಿ. ಅಪ್ಪ ಓಡಿಸಲೇಬಾರದು ಅಂತಲ್ಲ, ಓಡಿಸುವ ಮುಂಚೆ ಮನೆಯಲ್ಲೇ ಒಂದೆರಡು ಪರೀಕ್ಷೆ ಮಾಡಬೇಕು. ಅದನ್ನು ಕೆಳಗೆ ಬರೆದಿದ್ದೇನೆ. ಆದರೆ ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ಭಯ ಆಗಿದ್ದು ಅಪ್ಪನ ಬಗ್ಗೆ ಅಲ್ಲ, ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಚಿಕ್ಕಪ್ಪನ ಬಗ್ಗೆ. ಅವರ ವಿಷಯಕ್ಕೂ ಬರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಆಪರೇಷನ್ ಮಾಡುವ ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಆಪರೇಷನ್ ಆದವರು ನಡೆಯುವುದು, ಕೂರುವುದು, ಮೆಟ್ಟಿಲು ಹತ್ತುವುದು ಎಲ್ಲ ನಮ್ಮ ಕಣ್ಣ ಮುಂದೆ ಆಗುತ್ತದೆ. ಹಾಗಾಗಿ "ಸಾರ್, ಗಾಡಿ ಯಾವಾಗಿಂದ ಓಡಿಸಬಹುದು" ಅನ್ನೋ ಪ್ರಶ್ನೆಯೂ ನಮ್ಮ ತಲೆಗೇ ಬರುತ್ತದೆ.

ಎಲ್ಲರಿಗೂ ಬೇಕಾಗಿರುವುದು ಒಂದು ನಂಬರ್. ನಾಲ್ಕು ವಾರವೋ, ಆರು ವಾರವೋ, ಮೂರು ತಿಂಗಳೋ. ಆ ನಂಬರ್ ಎಲ್ಲಿಂದ ಬಂತು ಅಂತ ಹೇಳುತ್ತೇನೆ ಕೇಳಿ. ಹೊರದೇಶಗಳಲ್ಲಿ ಕಾರಿನ ಹಾಗೇ ಸೀಟು, ಪೆಡಲ್ ಇರುವ ಯಂತ್ರದಲ್ಲಿ ರೋಗಿಗಳನ್ನು ಕೂರಿಸಿ, ಎದುರಿಗೆ ಕೆಂಪು ದೀಪ ಹತ್ತಿದ ಕೂಡಲೇ ಎಷ್ಟು ಬೇಗ ಬ್ರೇಕ್ ಒತ್ತುತ್ತಾರೆ ಅಂತ ಅಳೆದಿದ್ದಾರೆ. ಆಪರೇಷನ್ನಿಗೆ ಮುಂಚೆ ಒಂದು ಸಲ, ಆಮೇಲೆ ಕೆಲವು ವಾರಕ್ಕೊಮ್ಮೆ. ಬಲ ಮಂಡಿ ಆದವರಲ್ಲಿ ಸುಮಾರು 4 ವಾರಕ್ಕೆ, ಎಡ ಮಂಡಿ ಆದವರಲ್ಲಿ ಸುಮಾರು 2 ವಾರಕ್ಕೆ ಬ್ರೇಕ್ ಒತ್ತುವ ವೇಗ ಮೊದಲಿನ ಮಟ್ಟಕ್ಕೆ ಬಂತು ಅಂತ ಹಲವು ಅಧ್ಯಯನಗಳು ಹೇಳುತ್ತವೆ. 1994ರ ಒಂದು ಹಳೇ ಅಧ್ಯಯನದಲ್ಲಿ ಬಲ ಮಂಡಿಗೆ 8 ವಾರ ಬೇಕಾಗಿತ್ತು. ಇದನ್ನೆಲ್ಲ ನೋಡಿಯೇ ಬಹಳ ಡಾಕ್ಟರುಗಳು 6 ವಾರ ಅಂತ ಹೇಳುವುದು.

ಇದರಲ್ಲಿ ಯಾರೂ ಗಮನಿಸದ ಒಂದು ಮಾತಿದೆ. "ಮೊದಲಿನ ಮಟ್ಟ" ಅಂದರೆ ಯಾವುದು? ಆಪರೇಷನ್ನಿಗೆ ಹಿಂದಿನ ದಿನದ ಮಟ್ಟ. ಅಂದರೆ ಮಂಡಿ ಪೂರ್ತಿ ಸವೆದು, ನೋವಿಗೆ ನಿದ್ದೆ ಇಲ್ಲದೆ, ಕೋಲು ಹಿಡಿದು ಆಸ್ಪತ್ರೆಗೆ ಬಂದ ದಿನದ ಮಟ್ಟ! ಅವತ್ತು ಅವರ ಕಾಲು ಬ್ರೇಕ್ ಮೇಲೆ ಚುರುಕಾಗಿ ಹೋಗುತ್ತಿತ್ತು ಅಂತ ಯಾರು ಹೇಳಿದರು? ಸವೆದ ಮಂಡಿಯವರ ಕಾಲು ಆರೋಗ್ಯವಾಗಿರುವವರಿಗಿಂತ ನಿಧಾನ ಅಂತ ಇಂಥ ಪರೀಕ್ಷೆಗಳಲ್ಲೇ ಕಂಡಿದೆ. ಹಾಗಾಗಿ ಕ್ಯಾಲೆಂಡರ್ ನೋಡಿ ಕೀ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಎಕ್ಸ್‌ರೇ ನೋಡಿ ಕೊಡುವುದಂತೂ ಇಲ್ಲವೇ ಇಲ್ಲ. ಎಕ್ಸ್‌ರೇಯಲ್ಲಿ ಕಾಣುವುದು ಲೋಹ ಸರಿಯಾಗಿ ಕೂತಿದೆಯಾ ಅನ್ನೋದು. ಬ್ರೇಕ್ ಒತ್ತುವುದು ಲೋಹ ಅಲ್ಲ, ತೊಡೆಯ ಸ್ನಾಯು.

ಆ ಸ್ನಾಯುವಿಗೆ ಏನಾಗಿರುತ್ತದೆ ಅಂದರೆ, ಆಪರೇಷನ್ ಆದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಮಂಡಿಯೊಳಗೆ ಊತ ಇದ್ದರೆ ನರಮಂಡಲವೇ ಆ ಸ್ನಾಯುವಿನ ಸ್ವಿಚ್ಚು ಅರ್ಧ ಆರಿಸಿಬಿಡುತ್ತದೆ. ನೋವಿಲ್ಲದಿದ್ದರೂ ಸ್ನಾಯು ಪೂರ್ತಿ ಜೋರಾಗಿ ಕೆಲಸ ಮಾಡುವುದಿಲ್ಲ. ನಿಧಾನವಾಗಿ ಮೆಟ್ಟಿಲು ಹತ್ತಲು ಇದು ಅಡ್ಡಿಯಾಗುವುದಿಲ್ಲ, ಕೈಗೆ ಕಂಬಿ ಇದೆ, ಆತುರ ಇಲ್ಲ, ಒಂದೊಂದೇ ಮೆಟ್ಟಿಲು. ಆದರೆ ನಿಟ್ಟೂರು ಕಡೆಯಿಂದ ಬರುವಾಗ ರಸ್ತೆಗೆ ಅಡ್ಡ ಒಂದು ಎಮ್ಮೆ ಬಂತು ಅಂತಿಟ್ಟುಕೊಳ್ಳಿ, ಅಲ್ಲಿ ಕಂಬಿಯೂ ಇಲ್ಲ, ಪುರುಸೊತ್ತೂ ಇಲ್ಲ. 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ. ಕಾಲು 0.3 ಸೆಕೆಂಡ್ ತಡ ಆದರೆ 5 ಮೀಟರ್ ಮುಂದೆ ಹೋಗಿರುತ್ತೀರಿ. ಒಂದು ಸಣ್ಣ ಕಾರಿನ ಉದ್ದಕ್ಕಿಂತ ಜಾಸ್ತಿ. ಮೇಷ್ಟ್ರಿಗೆ ಈ ಲೆಕ್ಕ ತೋರಿಸಿ, ಒಪ್ಪುತ್ತಾರೆ.

ಹಿಂದೆ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದರು. (ನಮ್ಮ ಕಡೆ ಕೊಬ್ಬರಿಗೂ ಮಂಡಿ, ಕಾಲಿಗೂ ಮಂಡಿ. ಅವರು ಫೋನಿನಲ್ಲಿ "ಮಂಡಿ ಬಿದ್ದೋಗಿದೆ" ಅಂದಾಗ ಯಾವ ಮಂಡಿ ಅಂತ ಕೇಳಬೇಕಾಗುತ್ತಿತ್ತು.) ಬಲ ಮಂಡಿ ಆಪರೇಷನ್ ಆಗಿ ಏಳು ವಾರ. ಕೋಲಿಲ್ಲದೆ ಟಕಟಕ ನಡೆದು ಬಂದರು. ಕುರ್ಚಿಯಲ್ಲಿ ಕೂರಿಸಿ, ನೆಲದಲ್ಲಿ ಸೀಮೆಸುಣ್ಣದಿಂದ ಎರಡು ಚೌಕ ಬರೆದು, ಇದು ಎಕ್ಸಲೇಟರ್, ಇದು ಬ್ರೇಕ್, ನಾನು ಚಪ್ಪಾಳೆ ತಟ್ಟಿದಾಗ ಕಾಲು ಆ ಕಡೆ ಹಾಕಿ ಅಂದೆ. ಚಪ್ಪಾಳೆ ತಟ್ಟಿದೆ. ಅವರು ಬಲಗೈಯಿಂದ ತೊಡೆ ಹತ್ತಿರ ಪ್ಯಾಂಟು ಹಿಡಿದು ಕಾಲು ಎತ್ತಿ ಬ್ರೇಕಿನ ಚೌಕದಲ್ಲಿ ಇಟ್ಟರು. ಹಾಗೆ ಮಾಡಿದ್ದು ಅವರಿಗೇ ಗೊತ್ತಾಗಲಿಲ್ಲ. ಇನ್ನೊಂದು ಸಲ ತಟ್ಟಿದೆ, ಮತ್ತೆ ಪ್ಯಾಂಟಿಗೆ ಕೈ. ವರ್ಷಗಟ್ಟಲೆ ಮಂಡಿ ನೋವಿದ್ದವರಿಗೆ ಈ ಅಭ್ಯಾಸ ಬಂದುಬಿಟ್ಟಿರುತ್ತದೆ, ಹೊಸ ಮಂಡಿ ಬಂದರೂ ಹೋಗುವುದಿಲ್ಲ. "ಸ್ಟೇರಿಂಗ್ ಯಾರು ಹಿಡ್ಕೋತಾರೆ ಯಜಮಾನ್ರೇ?" ಅಂದೆ. ನಕ್ಕರು. ಆದರೆ ಮಾರನೇ ದಿನದಿಂದ ಆ ಚೌಕದ ಅಭ್ಯಾಸವನ್ನು ದಿನಕ್ಕೆರಡು ಸಲ ತಪ್ಪದೆ ಮಾಡಿದರು.

ನಿಮ್ಮ ಅಪ್ಪನಿಗೂ ಇದನ್ನೇ ಮಾಡಿಸಿ, ಭಾನುವಾರ ಊರಿಗೆ ಹೋದಾಗ. ಊಟದ ಟೇಬಲ್ ಕುರ್ಚಿ ಬೇಡ, ಅದು ಎತ್ತರ. ಕಾರಿನ ಸೀಟಿನಷ್ಟು ತಗ್ಗಾಗಿರುವುದು ಬೇಕು. ಬಲಗಾಲಿನ ಪಕ್ಕ ಒಂದು ದಪ್ಪ ಪುಸ್ತಕ ಮಲಗಿಸಿ, ಸುಮಾರು ಎರಡಿಂಚು ಎತ್ತರ ಇರಲಿ. ಪುಸ್ತಕಕ್ಕೆ ತಗಲದ ಹಾಗೆ ಕಾಲನ್ನು ಆ ಪಕ್ಕ ಈ ಪಕ್ಕ ದಾಟಿಸಿ ನೆಲ ಮುಟ್ಟಿಸಬೇಕು. 10 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ಮೊದಲು ಅಮ್ಮನ ಹತ್ತಿರ ಮಾಡಿಸಿ, ಅವರ ಮಂಡಿ ಚೆನ್ನಾಗಿದ್ದರೆ. ಆಮೇಲೆ ಅಪ್ಪ. ಎರಡು ನಿಮಿಷ ಬಿಟ್ಟು ಮತ್ತೆ, ಇನ್ನೆರಡು ನಿಮಿಷ ಬಿಟ್ಟು ಮತ್ತೆ. ಇಷ್ಟಾದರೆ ಪಾಸು ಅಂತ ನಾನು ನಂಬರ್ ಕೊಡುವುದಿಲ್ಲ. ನಾನು ನೋಡುವುದು ಬೇರೆ: ಎಣಿಕೆ ಅಮ್ಮನಿಗಿಂತ ತೀರಾ ಕಡಿಮೆ ಇದೆಯಾ, ಮೂರನೇ ಸಲಕ್ಕೆ ಇಳಿದುಹೋಯಿತಾ, ಕಾಲು ಪುಸ್ತಕಕ್ಕೆ ಎಡವುತ್ತಿದೆಯಾ, ಹಲ್ಲು ಕಚ್ಚಿ ಮುಖ ಹಿಂಡುತ್ತಿದ್ದಾರಾ, ಕೈ ತೊಡೆಗೆ ಹೋಗುತ್ತಿದೆಯಾ. ಇದರಲ್ಲಿ ಯಾವುದಾದರೂ ಒಂದಿದ್ದರೂ ಆ ವಾರ ಕೀ ಇಲ್ಲ.

ಇನ್ನೊಂದು ಪರೀಕ್ಷೆ ಅಮೆರಿಕದಲ್ಲಿ ವಯಸ್ಸಾದ ಚಾಲಕರಿಗೆ ಮಾಡಿಸುತ್ತಾರೆ, ಹಜಾರ ಇದ್ದರೆ ಸಾಕು. 10 ಅಡಿ ದೂರ ನೆಲದಲ್ಲಿ ಗುರುತು ಮಾಡಿ. ಆದಷ್ಟು ಬೇಗ ಅಲ್ಲಿಗೆ ನಡೆದು, ತಿರುಗಿ ವಾಪಸ್ ಬರಬೇಕು. 9 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಚುರುಕು ಇನ್ನೂ ಸಾಲದು ಅಂತ ಅರ್ಥ. ಓಡಬೇಕಾಗಿಲ್ಲ, ಬಿದ್ದು ಇನ್ನೊಂದು ರಾಮಾಯಣ ಆಗೋದು ಬೇಡ.

ಮಂಡಿ ಎಷ್ಟು ಮಡಚುತ್ತದೆ ಅಂತಲೂ ನೋಡಿ. ಕನಿಷ್ಠ 90 ಡಿಗ್ರಿ ಬೇಕು, ಅಂದರೆ ಕುರ್ಚಿಯಲ್ಲಿ ಕೂತಾಗ ಹಿಮ್ಮಡಿ ಮಂಡಿಯ ನೇರ ಕೆಳಗೆ ಬರಬೇಕು. ಬರದಿದ್ದರೆ ಏನು ಮಾಡುತ್ತಾರೆ ಗೊತ್ತಾ, ಸೀಟನ್ನು ಹಿಂದಕ್ಕೆ ತಳ್ಳಿ ಕಾಲು ಚಾಚಿಕೊಂಡು ಓಡಿಸುತ್ತಾರೆ. ಆಗ ಬ್ರೇಕ್ ತುದಿಯವರೆಗೆ ಒತ್ತಲು ಕಾಲೇ ಸಾಲುವುದಿಲ್ಲ.

ಇಷ್ಟೂ ಆದಮೇಲೆ ಕಾರು. ಮೊದಲು ಎಂಜಿನ್ ಆಫ್ ಇರುವಾಗಲೇ ಕೂತು ಪೆಡಲ್ ಒತ್ತಲಿ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬ್ರೇಕ್ ಕೆಟ್ಟಿದೆ ಅಂತ ಗಾಬರಿ ಬೇಡ, ಎಂಜಿನ್ ಓಡದೆ ಬೂಸ್ಟರಿನ ಗಾಳಿ ಎಳೆತ ಮುಗಿದಿರುತ್ತದೆ ಅಷ್ಟೇ. ಆ ಗಟ್ಟಿ ಪೆಡಲನ್ನು ಐದು ಸೆಕೆಂಡು ಒತ್ತಿ ಹಿಡಿಯುವುದು ಕಾಲಿಗೆ ಒಳ್ಳೆ ಕಸರತ್ತು. ಆಮೇಲೆ ಊರಾಚೆ ಯಾವುದಾದರೂ ಖಾಲಿ ಲೇಔಟಿಗೆ ಹೋಗಿ. ತುಮಕೂರಿನ ಸುತ್ತ ರಸ್ತೆ ಆಗಿ, ಸೈಟಿನ ಕಲ್ಲು ನೆಟ್ಟು, ಒಂದೂ ಮನೆ ಏಳದ ಲೇಔಟಿಗೆ ಬರ ಇಲ್ಲ, ಅವು ಯಾವ ಉಪಯೋಗಕ್ಕೂ ಇಲ್ಲ ಅಂದುಕೊಂಡಿದ್ದೆ, ಇದಕ್ಕೆ ಆಗುತ್ತವೆ. ಅಲ್ಲಿಯವರೆಗೆ ನೀವು ಓಡಿಸಿ. ಅಲ್ಲಿ ಅಪ್ಪ 20, ಆಮೇಲೆ 30ರ ವೇಗದಲ್ಲಿ ಹೋಗಲಿ. ನೀವು ಪಕ್ಕದಲ್ಲಿ ಕೂತು ಹೇಳದೆ ಕೇಳದೆ "ಬ್ರೇಕ್!" ಅಂತ ಕೂಗಿ. ಹತ್ತು ಸಲ. ಹತ್ತನೇ ಸಲವೂ ಮೊದಲನೇ ಸಲದಷ್ಟೇ ಜೋರಾಗಿ ಕಾರು ನಿಂತರೆ ಸರಿ. ಎಂಟನೇ ಸಲಕ್ಕೆ ಮೆಲ್ಲಗೆ ನಿಲ್ಲುತ್ತಿದೆ ಅಂದರೆ ಮಂಡಿ ಸೋತಿದೆ. "ಆ ಎಮ್ಮೆ ಬಂದಿದ್ರೆ ಒತ್ತುತ್ತಿದ್ದೆ ಬಿಡಮ್ಮ" ಅನ್ನುತ್ತಾರೆ. ನಂಬಬೇಡಿ. ನೋವಾಗುತ್ತದೆ ಅಂತ ಒಳಗೊಳಗೇ ಹೆದರುವ ಕಾಲು ತಾನಾಗೇ ಹಿಡಿತ ಬಿಟ್ಟುಬಿಡುತ್ತದೆ, ಅದು ಅವರ ಕೈಯಲ್ಲಿಲ್ಲ.

ಹವಾಯಿ ಚಪ್ಪಲಿ ಮಾತ್ರ ಬೇಡ. ಪಂಚೆ ಉಟ್ಟು ಹವಾಯಿ ಹಾಕಿಕೊಂಡು ನಲವತ್ತು ವರ್ಷ ಓಡಿಸಿದ್ದೀನಿ ಅನ್ನುವವರೇ ಎಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿಯೋ ಶೂವೋ ಆಗಲಿ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲು ಜೋಮು ಹಿಡಿಯುತ್ತದಾ ಕೇಳಿ. ಕಣ್ಣು ಮುಚ್ಚಿಸಿ, ಅಂಗಾಲಿಗೆ ಹತ್ತಿ ತಾಗಿಸಿದರೆ ಎಲ್ಲಿ ಅಂತ ಹೇಳಬೇಕು. ಹೇಳದಿದ್ದರೆ ತೊಂದರೆ ಮಂಡಿಯದ್ದಲ್ಲ, ಹೊಸ ಮಂಡಿ ಅದನ್ನು ಸರಿ ಮಾಡುವುದೂ ಇಲ್ಲ. ಕಾಲಡಿ ಯಾವ ಪೆಡಲ್ ಇದೆ ಅಂತ ಗೊತ್ತಾಗದವರು ಓಡಿಸಬಾರದು.

ಈಗ ಚಿಕ್ಕಪ್ಪ.

ಅವರದ್ದು ಎಡ ಮಂಡಿ, ಬ್ರೇಕ್ ಬಲಗಾಲಿನದ್ದು, ಹಾಗಾಗಿ ಪರವಾಗಿಲ್ಲ ಅಂತ ನೀವು ಅಂದುಕೊಂಡಿರಬಹುದು. ಅರ್ಧ ನಿಜ. ಗಾಬರಿಯಲ್ಲಿ ಕ್ಲಚ್ ಒತ್ತದೆ ಬ್ರೇಕ್ ಮಾತ್ರ ಒತ್ತಿದರೂ ಎಂಜಿನ್ ಆಫ್ ಆಗಿ ಕಾರು ನಿಂತೇ ನಿಲ್ಲುತ್ತದೆ. ಆದರೆ ಕ್ಲಚ್ ಅಂದರೆ ಒಂದೆರಡು ಸಲ ಒತ್ತುವ ಪೆಡಲ್ ಅಲ್ಲ. ನಿಮ್ಮ ಕಾರಿನಲ್ಲಿ ಗುಬ್ಬಿ ಗೇಟಿನಿಂದ ಟೌನ್‌ಹಾಲ್ ಸರ್ಕಲ್‌ವರೆಗೆ ಸಂಜೆ ಆರಕ್ಕೆ ಹೋಗಿ ಎಷ್ಟು ಸಲ ಕ್ಲಚ್ ಒತ್ತಿದಿರಿ ಎಣಿಸಿ ನೋಡಿ, ಗೊತ್ತಾಗುತ್ತದೆ. ಪ್ರತಿ ಸಲವೂ ಮಂಡಿ ಮಡಚಿ, ಚಾಚಿ, ಅರ್ಧದಲ್ಲಿ ಹಿಡಿದು ನಿಲ್ಲಬೇಕು. ಆ ಅರ್ಧದಲ್ಲಿ ಹಿಡಿಯುವುದೇ ಸವೆದ ಮಂಡಿಗೆ ಕಷ್ಟ, ಚಿಪ್ಪಿನ ಹಿಂದೆ ಉರಿ ಬರುತ್ತದೆ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದಾಗ ಮಂಡಿ ಕೈಕೊಟ್ಟರೆ ಕ್ಲಚ್ ಫಟ್ಟನೆ ಬಿಟ್ಟು ಕಾರು ಮುಂದಕ್ಕೆ ನೆಗೆಯುತ್ತದೆ, ಮುಂದೆ ಸ್ಕೂಟರಿನಲ್ಲಿ ಯಾರಾದರೂ ಮಗು ಕೂರಿಸಿಕೊಂಡು ನಿಂತಿರುತ್ತಾರೆ. ಸವೆದ ಮಂಡಿಯವರು ಕಾಲು ನೋಯದಿರಲಿ ಅಂತ ಗೇರು ಇಳಿಸುವುದನ್ನೇ ತಪ್ಪಿಸುತ್ತಾರೆ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿಬಿಡುತ್ತಾರೆ. ದೇವರಾಯನದುರ್ಗದಿಂದ ಹೀಗೆ ಇಳಿಯುವವರ ಪಕ್ಕ ಕೂತು ಬಂದಿದ್ದೇನೆ, ಬೆಟ್ಟದ ಮೇಲಿನ ನರಸಿಂಹಸ್ವಾಮಿಯನ್ನು ಇಳಿದು ಬರುವಾಗಲೇ ಜಾಸ್ತಿ ನೆನೆದೆ.

ಇದಕ್ಕಿಂತ ದೊಡ್ಡ ಅಪಾಯ ಆ ಮಾತ್ರೆ. "ಮಾತ್ರೆಯಲ್ಲೇ ದಿನ ತಳ್ಳುತ್ತಿದ್ದಾರೆ" ಅಂದಿರಿ, ಯಾವ ಮಾತ್ರೆ? ಪ್ಯಾರಾಸಿಟಮಾಲ್ ಆದರೆ ಗಾಡಿ ಓಡಿಸಲು ತೊಂದರೆ ಇಲ್ಲ. ಟ್ರಮಡಾಲ್ ಇದ್ದರೆ ತೊಂದರೆ ಇದೆ, ತಲೆ ತೂಗುತ್ತದೆ, ನಿದ್ದೆ ಎಳೆಯುತ್ತದೆ. "ನರದ ಮಾತ್ರೆ" ಅಂತ ನಮ್ಮ ಜನ ಕರೆಯುವ ಪ್ರೆಗಾಬಲಿನ್, ಗಾಬಾಪೆಂಟಿನ್ ಕೂಡ ಹಾಗೇ. ಎರಡೂ ಸೇರಿದರೆ ಇನ್ನೂ ಜೋರು. ರಾತ್ರಿ ನುಂಗಿದ್ದು ಬೆಳಿಗ್ಗೆ ಎಂಟಕ್ಕೂ ಮಂಪರು ಬಿಡದೆ ಇರಬಹುದು. ಕುಡಿದವರಿಗೆ ಕುಡಿದಿದ್ದು ಗೊತ್ತಿರುತ್ತದೆ, ಈ ಮಾತ್ರೆ ತಗೊಂಡವರಿಗೆ ತಾವು ನಿಧಾನ ಆಗಿರುವುದು ಗೊತ್ತೇ ಆಗುವುದಿಲ್ಲ, ನೋವಿಲ್ಲ, ಆರಾಮಾಗಿದ್ದೀನಿ ಅನ್ನಿಸುತ್ತದೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರು ಓದಿ. ಟ್ರಮಡಾಲೋ ನರದ ಮಾತ್ರೆಯೋ ಇದ್ದರೆ, ಡಾಕ್ಟರನ್ನು ಕೇಳಿ ಬದಲಾಯಿಸುವವರೆಗೆ ಅವರೂ ಓಡಿಸಬಾರದು. ನೀವೇ ನಿಲ್ಲಿಸಿಬಿಡಬೇಡಿ, ಕೆಲವು ಮಾತ್ರೆ ಒಮ್ಮೆಲೇ ಬಿಟ್ಟರೆ ಬೇರೆ ತೊಂದರೆ. ನಿಮ್ಮ ಅಪ್ಪನಿಗೂ ಆಪರೇಷನ್ ಆದ ಮೇಲೆ ಇಂಥವನ್ನೇ ಕೊಟ್ಟಿರಬಹುದು, ಅದನ್ನೂ ನೋಡಿ.

ಕಾನೂನಿನ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲಿ ಜಾಸ್ತಿ ಸಹಾಯ ಸಿಗುವುದಿಲ್ಲ. ಮಂಡಿ ಆಪರೇಷನ್ ಆದ ಮೇಲೆ ಇಷ್ಟು ವಾರ ಓಡಿಸಬಾರದು ಅಂತ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ಆಪರೇಷನ್ ಆಗಿ ಮೂರು ತಿಂಗಳಾದರೂ ಓಡಿಸಲು ಆಗದಿದ್ದರೆ ಲೈಸೆನ್ಸ್ ಇಲಾಖೆಗೆ ತಿಳಿಸಬೇಕು, ಇಲ್ಲಿ ಅಂಥದ್ದೂ ಇಲ್ಲ. ನಮ್ಮಲ್ಲಿ 40 ದಾಟಿದವರು ಡಿಎಲ್ ಮಾಡಿಸುವಾಗ, ರಿನ್ಯೂ ಮಾಡಿಸುವಾಗ ಫಾರಂ 1ಎ ಅಂತ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. 55 ದಾಟಿದ ಮೇಲೆ ರಿನ್ಯೂ ಐದೈದು ವರ್ಷಕ್ಕೆ. ಅಂದರೆ ಒಂದು ಸಲ ಸಹಿ ಬಿದ್ದರೆ ಮಧ್ಯದಲ್ಲಿ ಮಂಡಿ ಏನಾಯಿತು ಅಂತ ಯಾವ ಆರ್‌ಟಿಒ ಆಫೀಸೂ ಕೇಳುವುದಿಲ್ಲ. ಆದರೆ ಅದೇ ಕಾಯ್ದೆಯ 186ನೇ ಸೆಕ್ಷನ್ ಪ್ರಕಾರ, ಓಡಿಸಿದರೆ ಜನರಿಗೆ ಅಪಾಯ ಆಗುವಂಥ ದೇಹಸ್ಥಿತಿ ತನಗಿದೆ ಅಂತ ಗೊತ್ತಿದ್ದೂ ಓಡಿಸುವುದು ಅಪರಾಧ. ಡಿಎಲ್ ಕಾರ್ಡು ಜೇಬಿನಲ್ಲಿದೆ ಅನ್ನೋದು ಉತ್ತರ ಆಗುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರ "ಈಗ ಓಡಿಸಬಹುದು" ಅಂತ ಚೀಟಿಯಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೇಳುವ ಪ್ರಶ್ನೆಗೆ ಅದು ಬೇಕಾಗಬಹುದು.

ಅಪ್ಪನ ಹತ್ತಿರ ಟೂ ವೀಲರ್ ಇದ್ದರೆ ಅದು ಕಾರಿಗಿಂತ ತಡವಾಗಿಯೇ ಬರಲಿ. ಸ್ಕೂಟರಿಗೆ ಬ್ರೇಕ್ ಕೈಯಲ್ಲೇ ಇದ್ದರೂ ನಿಲ್ಲಿಸುವಾಗ ಅಷ್ಟು ಭಾರವನ್ನು ಕಾಲೇ ತಡೆಯಬೇಕು. ಆಪರೇಷನ್ ಆದ ಕಾಲಿನಲ್ಲಿ ಕಿಕ್ ಹೊಡೆಯುವುದು, ಸೆಂಟರ್ ಸ್ಟ್ಯಾಂಡ್ ಹಾಕುವುದು ಬೇಡವೇ ಬೇಡ. ತೋಟದ ಟ್ರ್ಯಾಕ್ಟರ್ ಈ ವರ್ಷ ಮರೆತುಬಿಡಿ ಅನ್ನಿ.

ಕೂರುವ ಕ್ರಮವೂ ಒಂದಿದೆ. ನಮ್ಮ ಕಾರುಗಳಲ್ಲಿ ಡ್ರೈವರ್ ಬಾಗಿಲು ಬಲಗಡೆ, ಹಾಗಾಗಿ ಬಲಗಾಲೇ ಕೊನೆಗೆ ಒಳಗೆ ಬರಬೇಕು, ಬಾಗಿಲ ಸಂದಿಯಲ್ಲಿ ಅದನ್ನು ಪೂರ್ತಿ ಮಡಚಬೇಕಾಗುತ್ತದೆ. ಸೀಟು ಪೂರ್ತಿ ಹಿಂದೆ ತಳ್ಳಿ, ಸೀಟಿಗೆ ಬೆನ್ನು ಮಾಡಿ ಮೊದಲು ಕೂರಲಿ, ಆಮೇಲೆ ಎರಡೂ ಕಾಲು ಸೇರಿಸಿ ಒಳಗೆ ತಿರುಗಲಿ, ಕೊನೆಗೆ ಸೀಟು ಮುಂದೆ ಎಳೆಯಲಿ. ಬಟ್ಟೆ ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿದರೆ ತಿರುಗುವುದು ಸಲೀಸು, ಓಡಿಸುವ ಮುಂಚೆ ಅದನ್ನು ತೆಗೆದುಬಿಡಿ. ಮೊದಲ ಕೆಲವು ತಿಂಗಳು ಮುಕ್ಕಾಲು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಲಿ. ಮೀನಖಂಡ ಊದಿ ನೋಯುತ್ತಿದ್ದರೆ ಪಯಣ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.

ಪರೀಕ್ಷೆ ಎಲ್ಲ ಸರಿ ಬಂದರೂ ಮೊದಲ ಸಲವೇ ತುಮಕೂರು ಬೇಡ. ಬೆಳಿಗ್ಗೆ ಏಳಕ್ಕೆ ಹಳ್ಳಿಯಿಂದ ಗುಬ್ಬಿ, ಒಂದು ಕಾಫಿ, ವಾಪಸ್. ಪಕ್ಕದಲ್ಲಿ ನೀವು. ಅಲ್ಲಿಂದ ಮುಂದೆ ಒಂದು ವಾರ ಬಿಟ್ಟು ತುಮಕೂರು, ಬೆಂಗಳೂರು ಹೈವೇ ಮೂರು ತಿಂಗಳ ಚೆಕಪ್ ಮುಗಿದ ಮೇಲೆ. ಇನ್ನು ಚಿಕ್ಕಪ್ಪನಿಗೆ, ಕಾರು ಬದಲಾಯಿಸುವ ಯೋಚನೆ ಮನೆಯಲ್ಲಿ ಇದ್ದರೆ, ಕ್ಲಚ್ ಇಲ್ಲದ ಆಟೋಮ್ಯಾಟಿಕ್ ನೋಡಿ, ಈಗಿರುವ ಡಿಎಲ್ಲೇ ಸಾಕು. ಅಲ್ಲಿಯವರೆಗೆ ತಿಪಟೂರು ಮಂಡಿಗೆ ಹೋಗಬೇಕಾದರೆ ಗುಬ್ಬಿಯಿಂದ ರೈಲಿದೆ, ಕಾಲು ಚಾಚಿಕೊಂಡು ಹೋಗಬಹುದು. ಭಾನುವಾರ ಪುಸ್ತಕದ ಪರೀಕ್ಷೆ ಮಾಡಿದಾಗ ಅವರನ್ನೂ ಕೂರಿಸಿ, ಎಡಗಾಲಿನಲ್ಲಿ. ಮೂವರ ಎಣಿಕೆಯನ್ನೂ ನನಗೆ ಬರೆದು ಕಳಿಸಿ.